ರಟ್ಟಿನ ಬೆಣೆ

ಆ ಬಡಾವಣೆಯಲ್ಲಿ ಗೋಡೆಯೊಳಗಿನ ಪೈಪು ಸದ್ದು ಮಾಡಿದರೆ ಜನ ಕರೆಯುತ್ತಿದ್ದದ್ದು ಕಿವಿಯಣ್ಣನನ್ನು. ನಿಜವಾದ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪೈಪಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ನಲ್ಲಿ ತೆರೆದಿರುವಷ್ಟು ಹೊತ್ತೂ ಗಡಗಡ ಎಂದರೆ ವಾಷರ್ ಸವೆದಿದೆ. ಬಿಸಿನೀರು ಬಿಟ್ಟಾಗ ಟಿಕ್ ಟಿಕ್ ಎಂದರೆ ಪೈಪು ಹಿಗ್ಗಿ ಗೋಡೆಗೆ ಉಜ್ಜುತ್ತಿದೆ. ನಲ್ಲಿ ನಿಲ್ಲಿಸಿದ ಕೂಡಲೇ ಧಡ್ ಎಂದರೆ, ಓಡಿ ಬರುತ್ತಿದ್ದ ನೀರು ತಟ್ಟನೆ ನಿಂತು ಪೈಪನ್ನು ಒದೆಯುತ್ತಿದೆ, ಪೈಪನ್ನು ಗೋಡೆಗೆ ಹಿಡಿದಿಡುವ ಕ್ಲಾಂಪು ಎಲ್ಲೋ ಸಡಿಲವಾಗಿದೆ.

ಕಿವಿ ಅಣ್ಣನದು, ಕೈ ತಮ್ಮನದು. ಅಣ್ಣ ಕೆಳಗೆ ನಿಂತು "ಬಲಗಡೆ, ಮೂಲೆ ಹತ್ರ" ಎಂದರೆ ತಮ್ಮ ಅಟ್ಟ ಹತ್ತಿ ಬಿಗಿ ಮಾಡಿ ಇಳಿಯುತ್ತಿದ್ದ. ನಲ್ಲಿ ತಿರುಗಿಸಿ ನೋಡಿ, ಸದ್ದಿಲ್ಲದಿದ್ದರೆ ಇಬ್ಬರೂ ಹೊರಡುತ್ತಿದ್ದರು. ತಾನೂ ಒಮ್ಮೆ ಹತ್ತಿ ನೋಡುವ ಪದ್ಧತಿ ಅಣ್ಣನಿಗಿರಲಿಲ್ಲ. ಒಡಹುಟ್ಟಿದವನ ಕೆಲಸವನ್ನು ಪರೀಕ್ಷೆ ಮಾಡಿದರೆ ಅವನ ಮುಖಕ್ಕೆ ಹೊಡೆದ ಹಾಗೆ ಎಂದು ತಿಳಿದಿದ್ದ.

ಈಚೆಗೆ ಅವನನ್ನು ಕರೆಯುವವರು ಕಡಿಮೆಯಾಗಿದ್ದರು. ಒಂದು ಬೆಳಿಗ್ಗೆ ತರಕಾರಿ ಅಂಗಡಿಯಲ್ಲಿ ಸಿಕ್ಕ ಟೀಚರಮ್ಮ ಅವನ ಕಿವಿಯ ಹತ್ತಿರ ಬಾಗಿ, "ಕಿವಿ ಡಾಕ್ಟರಿಗೆ ತೋರಿಸಿದ್ರಾ?" ಎಂದು ಕೂಗಿದರು. ಅಂಗಡಿಯವನ ಕೈಯಿಂದ ಟೊಮೆಟೊ ಜಾರಿತು.

"ಮೆಲ್ಲಗೆ ಹೇಳಿ ಟೀಚರಮ್ಮ, ಕೇಳಿಸುತ್ತೆ."

"ಅಯ್ಯೋ, ಕೇಳಿಸುತ್ತಾ? ನೀವು ರಿಪೇರಿ ಮಾಡಿ ಹೋಗಿ ಒಂದು ವಾರಕ್ಕೇ ನಮ್ಮನೇಲಿ ಮತ್ತೆ ಧಡ್ ಅನ್ನೋಕೆ ಶುರುವಾಯ್ತು. ನಿಮ್ಮ ತಮ್ಮ ಒಬ್ನೇ ಬಂದು ಸರಿ ಮಾಡ್ದ. ಪಾಪ, ಅಣ್ಣನಿಗೆ ಈಗ ಜಾಗ ಗೊತ್ತಾಗಲ್ಲ ಅಂದ."

ಮನೆಗೆ ಬಂದವನೇ ಬಚ್ಚಲಿನ ನಲ್ಲಿಯನ್ನು ತೆರೆದು, ಮುಚ್ಚಿ, ಮತ್ತೆ ತೆರೆದು ಕಿವಿಗೊಟ್ಟು ನಿಂತ.

"ಟ್ಯಾಂಕ್ ಖಾಲಿ ಮಾಡ್ತೀರಾ?" ಎಂದಳು ಹೆಂಡತಿ. ವಿಷಯ ಕೇಳಿ ನಕ್ಕಳು. "ನಾನು ಬಾಯೊಳಗೇ ಬೈದ್ಕೊಂಡಿದ್ದೆಲ್ಲ ಪಕ್ಕದ ಕೋಣೆಯಿಂದ ಕೇಳಿಸ್ಕೊಂಡ ಕಿವಿ ಅದು. ಅದಕ್ಕೇನಾಗುತ್ತೆ?"

ಅವನಿಗೆ ನಗು ಬರಲಿಲ್ಲ. ಕಿವಿ ಹೋದರೆ ಅವನ ಬಳಿ ಉಳಿಯುವುದು ಒಂದು ಸ್ಕ್ರೂಡ್ರೈವರ್ ಮಾತ್ರ. ಆದರೂ ತಮ್ಮನ ಮೇಲೆ ಸಂಶಯ ಬರಲಿಲ್ಲ. ನನ್ನ ತಪ್ಪು ಮುಚ್ಚಲು ಒಬ್ಬನೇ ಓಡಾಡಿದನಲ್ಲ ಎಂದು ಕಣ್ಣು ತೇವವಾಯಿತು.

ಹೋದ ವಾರ ತಾವಿಬ್ಬರೂ ಕೆಲಸ ಮಾಡಿದ್ದ ದರ್ಜಿಯ ಮನೆಗೆ ಅವನೇ ಹೋದ.

"ನಾನು ಫೋನ್ ಮಾಡಿದ್ದು ನಿಮ್ಮ ತಮ್ಮನಿಗೆ," ಎಂದ ದರ್ಜಿ, ಹೊಲಿಗೆ ಯಂತ್ರದಿಂದ ಕಾಲು ತೆಗೆಯದೆ. "ನೀವ್ಯಾಕೆ ಬಂದ್ರಿ?"

ನಲ್ಲಿ ನಿಲ್ಲಿಸಿದಾಗ ಧಡ್ ಎಂದಿತು. ಅವನು ಕಿವಿ ಇಟ್ಟ. ಅಂದು ಕೇಳಿಸಿದ ಜಾಗವೇ. ತಪ್ಪಿದ್ದರೆ ಕಣ್ಣಾರೆ ನೋಡಿಬಿಡೋಣ ಎಂದು, ಮಂಡಿನೋವಿಗೆ ಹಲ್ಲು ಕಚ್ಚಿಕೊಂಡು ಏಣಿ ಹತ್ತಿದ.

ಅಟ್ಟದಲ್ಲಿ ಅವನು ಹೇಳಿದ್ದ ಜಾಗದಲ್ಲೇ ಕ್ಲಾಂಪು ಇತ್ತು. ಸ್ಕ್ರೂಗಳು ಬರೀ ತುದಿಯಷ್ಟು ಕಚ್ಚಿಕೊಂಡಿದ್ದವು. ಕೆಳಗೆ ಮಡಿಸಿದ ರಟ್ಟಿನ ತುಂಡೊಂದು ಒಣಗಿ ಬಿದ್ದಿತ್ತು. ಒದ್ದೆ ರಟ್ಟನ್ನು ಪೈಪಿನ ಹಿಂದೆ ಬೆಣೆಯಾಗಿ ತುರುಕಿದರೆ ಪೈಪು ಅಲುಗುವುದಿಲ್ಲ. ಒಣಗಿ ಕುಗ್ಗಿದ ಮೇಲೆ ಬೆಣೆ ಉದುರುತ್ತದೆ. ಸ್ಕ್ರೂ ಬಿಗಿಯುವವರೆಗೆ ಪೈಪು ನಿಂತಿರಲಿ ಎಂದು ಆ ಉಪಾಯ ಹೇಳಿಕೊಟ್ಟವನು ಅವನೇ.

ಅಷ್ಟರಲ್ಲಿ ಕೆಳಗೆ ತಮ್ಮನ ಚಪ್ಪಲಿ ಸದ್ದು.

"ಮತ್ತೆ ಶುರುವಾಯ್ತಾ? ನಂಗೊತ್ತಿತ್ತು ಬಿಡಿ. ಅಣ್ಣನಿಗೆ ಕಿವಿ ಹೋಗಿ ಎಷ್ಟೋ ದಿನ ಆಯ್ತು. ಹೇಳಿದ್ರೆ ನೊಂದ್ಕೋತಾನೆ. ಇನ್ಮೇಲೆ ಸೀದಾ ನನಗೇ ಫೋನ್ ಮಾಡಿ."

ಯಂತ್ರದ ಸದ್ದು ನಿಂತಿತು. ದರ್ಜಿ ಕತ್ತರಿಯ ತುದಿಯಿಂದ ಮೇಲಕ್ಕೆ ತೋರಿಸಿದ.

ಅಣ್ಣ ರಟ್ಟು ಹಿಡಿದುಕೊಂಡು ಇಳಿದು ಬಂದ. "ಯಾಕೋ?" ಎಂದ.

ತಮ್ಮ ಮೊದಲು ನೆಲ ನೋಡಿದ. ಆಮೇಲೆ ದನಿ ಏರಿಸಿದ. "ಎಲ್ಲಿ ಹೋದ್ರೂ ಕಿವಿಯಣ್ಣನ ತಮ್ಮ, ಕಿವಿಯಣ್ಣನ ತಮ್ಮ. ಧೂಳು ತಿನ್ನೋನು ನಾನು, ಹೆಸರು ನಿಂದು."

"ನನ್ನ ಕೇಳಿದ್ರೆ ಬಿಟ್ಟುಕೊಡ್ತಿರಲಿಲ್ವೇನೋ?"

"ಕೇಳಿ ತಗೊಂಡ್ರೆ ಅದೂ ನೀನು ಕೊಟ್ಟಿದ್ದೇ ಆಗ್ತಿತ್ತು."

ಅಣ್ಣ ಮತ್ತೆ ಹತ್ತಿ ಸ್ಕ್ರೂಗಳನ್ನು ತಾನೇ ಬಿಗಿ ಮಾಡಿದ. ದರ್ಜಿ ನಲ್ಲಿ ತಿರುಗಿಸಿದ, ಮನೆ ಸುಮ್ಮನಿತ್ತು.

"ಇನ್ಮೇಲೆ ಯಾರಿಗೆ ಫೋನ್ ಮಾಡ್ಲಿ?" ಎಂದು ದರ್ಜಿ ಸಂಕೋಚದಿಂದ ಕೇಳಿದ.

"ನಿಮಗೆ ಯಾರು ಬೇಕೋ ಅವರಿಗೆ. ನಾವಿಬ್ರೂ ಬೇರೆಯಾದ್ವಿ."

ತಮ್ಮ ತಲೆ ಎತ್ತಿದ. ಅಷ್ಟು ಬೇಗ ಆ ಮಾತು ಬರುತ್ತದೆಂದು ಅವನೂ ಎಣಿಸಿರಲಿಲ್ಲ.

ಹೊರಗಿನ ಮೆಟ್ಟಿಲ ಮೇಲೆ ಅಣ್ಣ ಇಬ್ಬರ ಉಪಕರಣಗಳಿದ್ದ ಚೀಲ ಸುರಿದು ಸಾಮಾನು ಬೇರೆ ಮಾಡತೊಡಗಿದ. ಇದು ನಿಂದು, ಇದು ನಂದು. ದೊಡ್ಡ ಸ್ಪ್ಯಾನರ್ ಕೈಗೆ ಬಂದಾಗ ಅವನು ತಡೆದು ನಿಂತ. ಅದನ್ನು ಯಾರು ತಂದದ್ದೆಂದು ಅವನಿಗೂ ನೆನಪಾಗಲಿಲ್ಲ, ತಮ್ಮನಿಗೂ ನೆನಪಾಗಲಿಲ್ಲ.

"ನೀನೇ ಇಟ್ಕೋ ಅಣ್ಣ," ಎಂದ ತಮ್ಮ ಮೆಲ್ಲಗೆ.

ಅವನು ಅದನ್ನು ತಮ್ಮನ ಸಾಮಾನಿನ ಕಡೆಗೆ ತಳ್ಳಿ, ಎದ್ದು ನಡೆದ.