ಬೀದಿಗೆ ಕೊಡದ ಗಿಣ್ಣು

ದನದ ಡಾಕ್ಟರಿಗೆ ರೋಗಿ ಬಾಯಿಬಿಟ್ಟು ಏನೂ ಹೇಳುವುದಿಲ್ಲ, ರೋಗಿಯ ಮನೆಯವರು ಬಾಯಿ ಮುಚ್ಚುವುದೇ ಇಲ್ಲ. ಹೊಳಲ್ಕೆರೆಯ ಪಶು ಆಸ್ಪತ್ರೆಯಲ್ಲಿ ಕಳೆದ ವರ್ಷಗಳನ್ನು ನೆನೆದರೆ ನನಗೆ ಇವತ್ತಿಗೂ ಮೈ ನೋಯುತ್ತದೆ.

ಮಳೆ ಬಿದ್ದು ಹೊಸ ಹುಲ್ಲು ಚಿಗುರಿತೆಂದರೆ ಚಪ್ಪೆ ರೋಗ. ಗಟ್ಟಿಮುಟ್ಟಾದ ಎಳೆಯ ಹೋರಿ ತೊಡೆ ಊದಿಸಿಕೊಂಡು ಕುಂಟುತ್ತಿತ್ತು. ಬಾವನ್ನು ಒತ್ತಿದರೆ ಒಳಗೆ ಚರಚರ ಸದ್ದು. ಆ ಸದ್ದು ಕೇಳಿದ ಮೇಲೆ ಅದರ ಆಸೆ ಬಹುಮಟ್ಟಿಗೆ ಬಿಟ್ಟ ಹಾಗೆಯೇ, ಉಳಿದ ದನಗಳಿಗೆ ಲಸಿಕೆ ಹಾಕಬೇಕು. ಕಾಲುಬಾಯಿ ಜ್ವರ ಬಂದರಂತೂ ಊರ ದನಗಳೆಲ್ಲ ಜೊಲ್ಲು ಸುರಿಸಿಕೊಂಡು ನಿಂತಿರುತ್ತಿದ್ದವು. ಕಾಯಿಲೆ ದನ ಬೇರೆ ಕಟ್ಟಿ, ಬಾಯಿ ಗೊರಸು ತೊಳೆಯಿರಿ ಎಂದು ಹೇಳಿ ಹೇಳಿ ನನ್ನ ಗಂಟಲೇ ಒಣಗುತ್ತಿತ್ತು. ಲಸಿಕೆಗೆ ಹೋದರೆ, ಹಾಲು ಕಡಿಮೆಯಾಗುತ್ತದೆ ಎಂದು ಹಿತ್ತಿಲ ಕಡೆಯಿಂದ ಹಸುಗಳನ್ನು ಹೊಲಕ್ಕೆ ಅಟ್ಟಿಬಿಡುತ್ತಿದ್ದರು. ರೋಗ ಬಂದ ಮೇಲೆ ಅದೇ ಮಹಾನುಭಾವರು, "ಏನ್ ಸಾರ್, ಈಗ ಬಂದ್ರಾ?" ಎಂದು ನನ್ನನ್ನೇ ಬೈಯುತ್ತಿದ್ದರು.

ಮನೆಮನೆಗೆ ಸೀಮೆಹಸು ಬರುತ್ತಿದ್ದ ಕಾಲ ಅದು. ರಾಮಗಿರಿ ಕಡೆಯ ಒಂದು ಊರಿನಲ್ಲಿ ಲಸಿಕೆ ಮುಗಿಸಿ, ಸಂಜೆ ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತಿದ್ದೆ. ಮನೆಗೆ ಹೋಗಿ ಕಾಲು ಚಾಚಿದರೆ ಸಾಕಾಗಿತ್ತು. ಅಷ್ಟರಲ್ಲಿ ಒಬ್ಬ ಹೆಂಗಸು ಓಡಿಬಂದಳು.

"ಸಾರ್, ಬರ್ರಿ ಸಾರ್. ನಿನ್ನೆ ಕರು ಹಾಕೈತೆ. ಮಧ್ಯಾಹ್ನದಿಂದ ಕುಂತಿದ್ದು ಏಳವಲ್ದು."

ಬಸ್ಸು ಹೋದರೆ ಹೋಗಲಿ ಎಂದು ಎದ್ದೆ. ಆಕೆ ಗಂಡನ ಮನೆ ಬಿಟ್ಟು ತವರಿಗೆ ಬಂದವಳು. ಅಣ್ಣನ ಮನೆಯಲ್ಲಿ ಮುದಿ ತಾಯಿಯ ಜೊತೆಗಿದ್ದಳು. ಸೀಮೆಹಸು ಅವಳದು, ಹಾಲನ್ನು ಡೈರಿಗೆ ಹಾಕುತ್ತಿದ್ದಳು. ದಾರಿಯುದ್ದಕ್ಕೂ ಒಂದೇ ಮಾತು: "ಈ ಹಸ ಐತೆ ಅಂತ ಆ ಮನೇಲಿ ನನಗೊಂದು ತಟ್ಟೆ ಐತೆ ಸಾರ್."

ಹಸು ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿಕೊಂಡು ಬಿದ್ದಿತ್ತು. ಮೂತಿ ಒಣಗಿತ್ತು. ಸಗಣಿ ಹಾಕಿರಲಿಲ್ಲ. ಕಿವಿ ಮುಟ್ಟಿದೆ, ತಣ್ಣಗಿತ್ತು. ಥರ್ಮಾಮೀಟರಿನ ಪಾದರಸ ಇರಬೇಕಾದಷ್ಟೂ ಏರಲಿಲ್ಲ. ಇದಕ್ಕೆ ಹಾಲುಜ್ವರ ಎನ್ನುತ್ತಾರೆ, ಹೆಸರಿಗಷ್ಟೇ ಜ್ವರ. ಹೆಚ್ಚು ಕರೆಯುವ ಹಸುವಿನ ಮೈಯೊಳಗಿನ ಕ್ಯಾಲ್ಸಿಯಂ ಕರು ಹಾಕಿದ ಕೂಡಲೇ ಹಾಲಿಗೆ ಇಳಿದುಬಿಡುತ್ತದೆ. ಆಗ ಕೆಚ್ಚಲನ್ನು ಪೂರ್ತಿ ಬರಿದು ಮಾಡಿದರೆ ಹಸುವಿಗೆ ನಿಲ್ಲಲು ಶಕ್ತಿಯೇ ಉಳಿಯುವುದಿಲ್ಲ.

"ಯಾರದೋ ಕಣ್ಣು ತಾಗೈತೆ ಸಾರ್" ಎಂದಳು ಅಜ್ಜಿ.

"ಕಣ್ಣಿರಲಿ ಅಜ್ಜಿ, ಹಾಲು ಎಷ್ಟು ಕರೆದ್ರಿ?"

"ಕೊನೇ ಹನಿವರೆಗೂ ಕರೆದೀನಿ. ಇಡೀ ಬೀದಿಗೆ ಗಿಣ್ಣುಹಾಲು ಕೊಟ್ಟೀನಿ, ಒಂದ್ ಮನೆ ಬಿಟ್ಟಿಲ್ಲ" ಎಂದು ಹೆಮ್ಮೆಯಿಂದ ಹೇಳಿದಳು.

ತಲೆ ಚಚ್ಚಿಕೊಳ್ಳಬೇಕೆನಿಸಿತು. ಹಸು ಕರು ಹಾಕಿದಾಗ ನೆರೆಹೊರೆಗೆ ಗಿಣ್ಣುಹಾಲು ಕೊಡದಿದ್ದರೆ ಇಲ್ಲಿ ಮನೆತನಕ್ಕೇ ಮರ್ಯಾದೆಯಿಲ್ಲ. ಸ್ವಲ್ಪವೇ ಕರೆಯುತ್ತಿದ್ದ ನಾಟಿ ಹಸುವಿಗೆ ಅದರಿಂದ ಏನೂ ಆಗುತ್ತಿರಲಿಲ್ಲ.

ಕ್ಯಾಲ್ಸಿಯಂ ಬಾಟಲಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಕುತ್ತಿಗೆಯ ನರಕ್ಕೆ ನಿಧಾನವಾಗಿ ಬಿಟ್ಟೆ. ಅವಸರ ಮಾಡಿದರೆ ಹಸುವಿನ ಗುಂಡಿಗೆಯೇ ನಿಲ್ಲುತ್ತದೆ. ಎದೆಗೆ ಸ್ಟೆತಾಸ್ಕೋಪ್ ಒತ್ತಿಕೊಂಡು ಮಂಡಿಯೂರಿ ಕೂತಿದ್ದೆ, ಸೊಂಟ ಬಿದ್ದುಹೋಗಿತ್ತು. ಬಾಟಲಿ ಮುಗಿಯುವ ಹೊತ್ತಿಗೆ ಹಸುವಿನ ಮೈ ನಡುಗಿತು, ತೇಗಿತು, ಸಗಣಿ ಹಾಕಿತು. ಆಮೇಲೆ ಎದ್ದೇ ನಿಂತಿತು. ಮಗಳು ಅದರ ಕೊರಳು ತಬ್ಬಿಕೊಂಡು ಅತ್ತಳು.

"ನಿಮ್ಮ ಹೊಟ್ಟೆ ತಣ್ಣಗಿರ್ಲಿ" ಎಂದಳು ಅಜ್ಜಿ.

"ಇನ್ನೆರಡು ದಿನ ಕೆಚ್ಚಲು ಪೂರ್ತಿ ಹಿಂಡಬ್ಯಾಡ್ರಿ, ಅರ್ಧ ಬಿಡ್ರಿ. ಬೀದಿಗೆ ಗಿಣ್ಣು ಹಂಚಿದ್ದು ಸಾಕು" ಎಂದು ಇಬ್ಬರಿಗೂ ಗದರಿಸಿಯೇ ಹೇಳಿದೆ. ಇಬ್ಬರೂ ತಲೆಯಾಡಿಸಿದರು.

ಮರುದಿನ ಬೇರೆ ಊರಿನ ಲಸಿಕೆ. ಮಧ್ಯಾಹ್ನ ಕಳೆದು ಮನೆಗೆ ಬಂದಾಗ ನನ್ನ ಹೆಂಡತಿ ಬಟ್ಟಲಲ್ಲಿ ಗಿಣ್ಣು ಕೊಟ್ಟಳು. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ್ದಳು. ಹಸಿದಿದ್ದೆ, ಗಬಗಬ ತಿಂದೆ. ಅರ್ಧ ಮುಗಿದ ಮೇಲೆ ಎಲ್ಲಿಯದು ಎಂದು ಕೇಳಿದೆ.

"ರಾಮಗಿರಿ ಕಡೆ ಅಜ್ಜಿ ರೀ, ಪಾಪ, ಬೆಳಗಿನ ಬಸ್ಸಿಗೆ ಕ್ಯಾನ್ ತುಂಬ ತಂದಿದ್ರು. ಡಾಕ್ಟ್ರು ಹೇಳಿದಂಗೆ ಬೀದಿಗೆ ಒಂದ್ ಹನೀನೂ ಕೊಟ್ಟಿಲ್ಲ, ಹಸ ಉಳಿಸಿದ ಪುಣ್ಯಾತ್ಮರಿಗೇ ಅಂತ ಎಲ್ಲಾ ಹಾಲೂ ಹಿಂಡ್ಕಂಡು ಬಂದೀನಿ ಅಂದ್ರು."

ಬಟ್ಟಲು ಕೆಳಗಿಟ್ಟು ಬ್ಯಾಗು ತೆಗೆದುಕೊಂಡು ಓಡಿದೆ.

ನಾನು ಹೋಗುವಷ್ಟರಲ್ಲಿ ಹಸು ಕಾಲು ಚಾಚಿ ಸತ್ತಿತ್ತು. ಬೆಳಿಗ್ಗೆ ಚೆನ್ನಾಗಿ ಮೇಯುತ್ತಿತ್ತಂತೆ. ಮಗಳು ಹುಲ್ಲಿಗೆ ಹೋಗಿದ್ದಾಗ ಅಜ್ಜಿ ಹಾಲು ಕರೆದುಕೊಂಡು ಬಸ್ಸು ಹತ್ತಿದ್ದಾಳೆ. ಮಗಳು ಹೊರೆ ಹೊತ್ತು ಬರುವ ಹೊತ್ತಿಗೆ ಹಸು ಮಲಗಿತ್ತು. ನನ್ನನ್ನು ಕರೆಯಲು ಆಸ್ಪತ್ರೆಗೆ ಆಳು ಬಂದಿದ್ದನಂತೆ, ನಾನು ಇರಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಯಾರ ಮೇಲೆ ಸಿಟ್ಟು ಮಾಡುವುದೆಂದು ತಿಳಿಯಲಿಲ್ಲ.

ಅಜ್ಜಿ ಹಸುವಿನ ತಲೆಯ ಹತ್ತಿರ ಕೂತಿದ್ದಳು. "ನೀವು ಹೇಳ್ದಂಗೇ ಮಾಡೀವಲ್ಲ ಸಾರ್. ಬೀದಿಗೆ ಹನಿ ಕೊಟ್ಟಿಲ್ಲ. ಹಂಗಾದ್ರೂ ಯಾಕ್ ಹೋತು?"

ಹೇಳಲು ಬಾಯಿ ತೆರೆದೆ. ಕಂಬಕ್ಕೆ ಒರಗಿ ನಿಂತಿದ್ದ ಮಗಳು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ತಾಯಿಗೆ ಕಾಣದ ಹಾಗೆ, ಬೇಡ ಎಂದು ಮೆಲ್ಲಗೆ ತಲೆಯಾಡಿಸಿದಳು.

"ಕೆಲವು ಹಸುಗೆ ಮತ್ತೆ ಬರ್ತೈತೆ ಅಜ್ಜಿ" ಎಂದೆ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಗಿಣ್ಣಾದ್ರೂ ಚೆನ್ನಾಗಿ ಕಟ್ತಾ ಸಾರ್? ತಿಂದ್ರಾ?"

"ತಿಂದೆ ಅಜ್ಜಿ. ಚೆನ್ನಾಗಿತ್ತು."

ಮಗಳು ಕರುವನ್ನು ಎತ್ತಿಕೊಂಡು ಒಳಗೆ ಹೋದಳು.