ಕೋಳಿಮರಿಗಳಿಗೆ ಅಮ್ಮ ಎದ್ದಾಗ

ಈಗಲೂ ಯಾರ ಅಂಗಳದಲ್ಲಾದರೂ ಕೋಳಿಮರಿ ಕಂಡರೆ, ಬಗ್ಗಿ ಅದರ ಕಣ್ಣು, ಕೊಕ್ಕಿನ ಬುಡ ನೋಡದೆ ನಾನು ಮುಂದೆ ಹೋಗುವುದಿಲ್ಲ. ಮುದುಕನಿಗೆ ಕೋಳಿಸಾರಿನ ಆಸೆ ಎಂದು ಜನ ನಗುತ್ತಾರೆ. ಆಸೆಯೇನೋ ಇದೆ, ಹಲ್ಲು ಒಪ್ಪುವುದಿಲ್ಲ. ಈ ಚಾಳಿ ಅಂಟಿದ್ದು ಹೆಮ್ಮರಗಾಲದಲ್ಲಿ.

ಆಗ ನನಗೆ ಇಪ್ಪತ್ತೆರಡರ ಪ್ರಾಯ. ಮಕ್ಕಳಿಗೆ ಸಿಡುಬು ಬಾರದಂತೆ ದಾಕು ಹಾಕುವುದು ಮಹಾರಾಜರ ಸರ್ಕಾರದಲ್ಲಿ ನನ್ನ ಕೆಲಸ. ಕೋಟು, ರುಮಾಲು, ಕೈಯಲ್ಲೊಂದು ತಗಡಿನ ಪೆಟ್ಟಿಗೆ. ನರಸೀಪುರದಿಂದ ಎತ್ತಿನಗಾಡಿಯಲ್ಲಿ ಊರೂರು ಸುತ್ತುತ್ತಿದ್ದೆ. ನನ್ನ ಗಾಡಿ ಕಂಡೊಡನೆ ತಾಯಂದಿರು ಮಕ್ಕಳನ್ನು ಅಡಗಿಸಿಡುತ್ತಿದ್ದರು. ಸಿಡುಬೆಂದರೆ ಅವರ ಪಾಲಿಗೆ ಅಮ್ಮ. ಅಮ್ಮನನ್ನು ಸೂಜಿಯಿಂದ ಕೆಣಕಿದರೆ ಸುಮ್ಮನಿರುತ್ತಾಳೆಯೇ? ಆ ವರ್ಷ ಪಕ್ಕದ ಊರಿನಲ್ಲಿ ಸಿಡುಬು ಬಂದು ಒಂದು ಮಗು ಆಗಲೇ ಹೋಗಿತ್ತು. ನನಗೂ ಒಳಗೊಳಗೇ ಕಳವಳ.

ಹೆಮ್ಮರಗಾಲದಲ್ಲಿ ಬಾಗಿಲು ಹಾಕಿಕೊಳ್ಳದವಳು ಚಿಕ್ಕತಾಯಮ್ಮ ಎಂಬ ಮುದುಕಿ ಒಬ್ಬಳೇ. ತಾಯಿಯಿಲ್ಲದ ಮೂರು ವರ್ಷದ ಮೊಮ್ಮಗಳು ಪುಟ್ಟಿ ಅವಳ ಬಳಿ ಬೆಳೆಯುತ್ತಿತ್ತು. ಮಗುವನ್ನು ಕರೆ ಎಂದರೆ, ಅವಳು ಮಡಿಲಿನಿಂದ ಕೋಳಿಮರಿಯೊಂದನ್ನು ತೆಗೆದು ನನ್ನ ಅಂಗೈಮೇಲಿಟ್ಟಳು.

“ಮೊದ್ಲು ಇದುಕ್ಕೆ ಮದ್ದು ಕೊಡಿ ಬುದ್ದಿ. ಅನ್ನೊಂದು ಮರೀಲಿ ಏಳು ಮರೀಗೆ ಅಮ್ಮ ಎದ್ದವ್ಳೆ. ಮಗೀನ ಮಾತು ಆಮೇಕೆ.”

ಮರಿಯ ಕೊಕ್ಕಿನ ಬುಡದಲ್ಲಿ, ರೆಪ್ಪೆಯ ಮೇಲೆ, ಪುಕ್ಕವಿಲ್ಲದ ಕಾಲಿನಲ್ಲಿ ಸಾಸಿವೆಯಷ್ಟು ದಪ್ಪದ ಗುಳ್ಳೆಗಳಿದ್ದವು. ಒಂದು ಕಣ್ಣು ಮುಚ್ಚಿಹೋಗಿತ್ತು. “ಒಂದಕ್ಕೊಂದು ಕುಕ್ಕಿಕೊಂಡಿವೆ” ಎಂದೆ ಗತ್ತಿನಿಂದ.

“ಕುಕ್ಕುದ್ರೆ ರಕ್ತ ಬತ್ತದೆ ಬುದ್ದಿ. ಇದು ಗುಳ್ಳೆ ಎದ್ದು ಅಕ್ಕಳೆ ಕಟ್ಟದೆ, ನೋಡಿ.”

ಹಸುವಿನ ಕೆಚ್ಚಲಿನ ಗುಳ್ಳೆಯಿಂದಲೇ ಮನುಷ್ಯನ ಸಿಡುಬಿಗೆ ದಾಕು ಸಿಕ್ಕಿತೆಂದು ನಾನು ಕಲಿಯುವಾಗ ಉರು ಹೊಡೆದಿದ್ದೆ. ಹಸುವಿನದು ಮನುಷ್ಯನಿಗೆ ನಡೆದರೆ, ಮನುಷ್ಯನದು ಕೋಳಿಗೆ ಏಕೆ ನಡೆಯಬಾರದು? ತರ್ಕ ಸೊಗಸಾಗಿತ್ತು, ಕೈ ಪೆಟ್ಟಿಗೆಯ ಕಡೆ ಹೋಯಿತು. ಮುದುಕಿ ನನ್ನ ಮುಖವನ್ನೇ ನೋಡುತ್ತಿದ್ದಳು. ಸುಳ್ಳಾಡಲು ನಾಲಿಗೆ ಏಳಲಿಲ್ಲ.

“ನನಗೆ ಗೊತ್ತಿಲ್ಲ ಕಣಮ್ಮ. ಕೋಳಿಗೆ ನನ್ನ ಹತ್ತಿರ ಮದ್ದಿಲ್ಲ. ಕಾಯಿಲೆಯವನ್ನು ಬೇರೆ ಇಡು, ಹಕ್ಕಳೆ ಕೀಳಬೇಡ. ಇಷ್ಟೇ ತಿಳಿದಿರೋದು.”

ಅವಳು ಮರಿಯನ್ನು ಕಸಿದುಕೊಂಡು ಒಳಗೆ ಹೋದಳು. ಹಾಕಿದ ಬಾಗಿಲುಗಳನ್ನು ಸಂಜೆಯವರೆಗೆ ತಟ್ಟಿದರೂ ಆ ಊರಿನಲ್ಲಿ ಅಂದು ನನಗೆ ಸಿಕ್ಕಿದ್ದು ಎರಡೇ ಮಕ್ಕಳ ತೋಳು.

ಆ ಮಕ್ಕಳ ತೋಳಿನಲ್ಲಿ ದಾಕು ಗುಳ್ಳೆ ಕಟ್ಟಿದೆಯೇ ಎಂದು ನೋಡಲು ಎಂಟನೆಯ ದಿನ ಮತ್ತೆ ಹೋದೆ. ಚಿಕ್ಕತಾಯಮ್ಮನ ಅಂಗಳದ ಆ ತುದಿಗೊಂದು, ಈ ತುದಿಗೊಂದು ಕುಕ್ಕೆ ಕವುಚಿ ಹಾಕಿತ್ತು, ಕಾಯಿಲೆಯ ಮರಿಗಳಿಗೊಂದು, ಉಳಿದವಕ್ಕೊಂದು. ಸೊಳ್ಳೆ ಕೂರದಂತೆ ಬೇವಿನ ಸೊಪ್ಪಿನ ಹೊಗೆ. ಅವಳು ಕಾಯಿಲೆಯ ಮರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಬೆಚ್ಚಗಿನ ಉಪ್ಪುನೀರಿನಲ್ಲಿ ಬಟ್ಟೆ ಅದ್ದಿ ಕಣ್ಣು ಒರೆಸುತ್ತಿದ್ದಳು. ಆಮೇಲೆ ಬೆರಳ ತುದಿಯಿಂದ ರಾಗಿ ಅಂಬಲಿಯನ್ನು ಹನಿಹನಿಯಾಗಿ ಕೊಕ್ಕಿಗೆ ಬಿಟ್ಟಳು.

“ಗುಳ್ಳೆ ಸಾಯ್ಸಲ್ಲ ಬುದ್ದಿ, ಅಸಿವು ಸಾಯ್ಸೋದು. ಕಣ್ಣು ಮುಚ್ಕಂಡ್ರೆ ಕಾಳು ಎಲ್ಲಿ ಕಾಣ್ತದೆ? ಇದು ತಿಳಿಯೋಗಂಟ ಎರಡು ಸತ್ತೋದೋ.”

ಉಳಿದ ಐದರ ಹಕ್ಕಳೆ ಒಣಗತೊಡಗಿತ್ತು. ಇನ್ನೊಂದು ಕುಕ್ಕೆಯ ನಾಲ್ಕಕ್ಕೂ ಏನೂ ಆಗಿರಲಿಲ್ಲ. “ನಾನು ಹೇಳಿದ್ದು ಫಲಿಸಿತು” ಎಂದು ಬೀಗಿದೆ.

“ತೊಳ್ದೋಳು ನಾನು, ಉಣ್ಸಿದೋಳು ನಾನು” ಎಂದು ಗದರಿದಳು. ಆದರೆ ಕೈ ತೊಳೆದು ಒಳಗೆ ಹೋಗಿ ಪುಟ್ಟಿಯನ್ನು ಎತ್ತಿಕೊಂಡು ಬಂದಳು. ತಾನೇ ಮಗುವಿನ ತೋಳು ಹಿಡಿದು ನನ್ನ ಮುಂದೆ ಚಾಚಿದಳು.

“ಧೈರ್ಯ ಹೇಗೆ ಬಂತಮ್ಮ?” ಎಂದೆ.

“ಕೋಳೀದು ಗೊತ್ತಿಲ್ಲ ಅಂದ್ರಲ್ಲ. ಗೊತ್ತಿಲ್ದೆ ಇರೋದ್ನ ಗೊತ್ತಿಲ್ಲ ಅನ್ನೋರು, ಗೊತ್ತು ಅಂದ್ರೆ ದಿಟ್ವೇ ಇರ್ಬೇಕು.”

ಪುಟ್ಟಿ ಊರೇ ಕೇಳುವಂತೆ ಕಿರುಚಿತು. ಆದರೂ ಚಿಕ್ಕತಾಯಮ್ಮ ಒಪ್ಪಿದಳೆಂದು ತಿಳಿದು ಸಂಜೆಯೊಳಗೆ ಹದಿನಾಲ್ಕು ಮಕ್ಕಳು ಬಂದವು. ಆ ಬೇಸಿಗೆ ಅಮ್ಮ ಹೆಮ್ಮರಗಾಲಕ್ಕೂ ಬಂದು ಹೋದಳು. ಪುಟ್ಟಿಯ ಗೊಡವೆಗೆ ಹೋಗಲಿಲ್ಲ.

ಅಂದಿನಿಂದ ‘ಗೊತ್ತಿಲ್ಲ’ ಎಂಬ ಮಾತನ್ನು ಧೈರ್ಯವಾಗಿ ಆಡತೊಡಗಿದೆ. ಹಳ್ಳಿಗಳಲ್ಲಿ ಅದಕ್ಕೆ ಬಹಳ ಮರ್ಯಾದೆ ಸಿಕ್ಕಿತು. ಒಮ್ಮೆ ಮೇಲಧಿಕಾರಿಯ ಮುಂದೆಯೂ ಆಡಿದೆ. ಅವರು ನನ್ನನ್ನು ಬನ್ನೂರಿನ ಕಡೆಗೆ ಎತ್ತಿಹಾಕಿದರು. ಅಲ್ಲಿಯೂ ಕೋಳಿಗಳಿಗೇನೂ ಕೊರತೆಯಿರಲಿಲ್ಲ.