ಯಶೋದಮ್ಮ ಕೂತು ಕಳೆದ ಹತ್ತು ಗಂಟೆ

ಹಲಸೂರಿನ ಯಶೋದಮ್ಮ ನಾಟ್ಯದ ಉಡುಪು ಹೊಲಿಯತೊಡಗಿ ಮೂವತ್ತೆರಡು ವರ್ಷವಾಗಿತ್ತು. ಬೆಳಗಿನಿಂದ ಸಂಜೆವರೆಗೂ ಕೂತೇ ಮಾಡುವ ಕೆಲಸ. ಎರಡು ವರ್ಷದ ಹಿಂದೆ ಎಡಗಾಲು ಬಾತು, ಒಳಗೆ ರಕ್ತ ಹೆಪ್ಪುಗಟ್ಟಿದೆಯೆಂದು ತಿಳಿದು ಆರು ತಿಂಗಳು ಮಾತ್ರೆ ನುಂಗಿದ್ದಳು. ಹಾಗಾಗಿ ನೃತ್ಯ ತಂಡದ ಕಾವೇರಿ, "ಆಂಟಿ, ಲಂಡನ್‌ನಲ್ಲಿ ಪ್ರೋಗ್ರಾಮ್ ಇದೆ. ಡ್ರೆಸ್ ನೋಡ್ಕೊಳ್ಳೋಕೆ ನೀವೂ ಬರ್ಬೇಕು" ಎಂದಾಗ ಅವಳಿಗೆ ಸಂತೋಷಕ್ಕಿಂತ ಮೊದಲು ಕಾಲಿನ ಯೋಚನೆ ಬಂತು.

ಇಂದಿರಾನಗರದ ಡಾಕ್ಟರು ಪರೀಕ್ಷೆ ಮಾಡಿ ಒಪ್ಪಿದರು. "ಹೋಗ್ಬನ್ನಿ. ನಾನು ಬರ್ಕೊಟ್ಟಿರೋ ಬಿಗಿ ಕಾಲುಚೀಲ ಹಾಕ್ಕೊಳ್ಳಿ, ಆಗಾಗ ನೀರು ಕುಡೀರಿ. ಕೂತಲ್ಲೇ ಪಾದ ಆಡಿಸ್ತಾ ಇರಿ, ಮಧ್ಯೆ ಎದ್ದು ಓಡಾಡಿ."

ವಿಮಾನದಲ್ಲಿ ಸಿಕ್ಕಿದ್ದು ಕಿಟಕಿಯ ಸೀಟು. ನಾಟ್ಯದ ಒಡವೆಗಳ ಚೀಲವನ್ನು ಯಾರ ಕೈಗೂ ಕೊಡದೆ ಕಾಲ ಬಳಿಯೇ ಇಟ್ಟುಕೊಂಡಳು. ಮೂರು ಗಂಟೆ ಕಳೆಯುವಷ್ಟರಲ್ಲಿ ಕಾಲು ಚಾಚಲು ಜಾಗವಿಲ್ಲದೆ ಜೋಮು ಹಿಡಿಯಿತು. ಪಕ್ಕದಲ್ಲಿ, ಓಡಾಡುವ ದಾರಿಯ ಕಡೆಯ ಸೀಟಿನಲ್ಲಿ, ಕಾವೇರಿಗೆ ಗಾಢ ನಿದ್ದೆ. ಮರುದಿನ ಕುಣಿಯಬೇಕಾದ ಹುಡುಗಿಯನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಏಳಬೇಕಾದೀತೆಂದು ನೀರನ್ನೂ ಬೇಡವೆಂದಳು. ಎರಡು ವರ್ಷದ ಹಿಂದಿನ ಬಾವು ಮತ್ತೆ ಮತ್ತೆ ನೆನಪಾಯಿತು.

ಕೊನೆಗೆ ತಡೆಯಲಾಗದೆ ಭುಜ ಅಲುಗಿಸಿದಳು. "ಏಳಮ್ಮ, ಕಾಲು ಮರಗಟ್ಟಿ ಹೋಗಿದೆ."

"ಮೊದ್ಲೇ ಎಬ್ಬಿಸ್ಬಾರ್ದಾ ಆಂಟಿ? ಆ ಬ್ಯಾಗ್ ಕೊಡಿ ಇಲ್ಲಿ."

"ಜೋಪಾನ, ಜಡೆಬಿಲ್ಲೆ ಇದೆ."

"ನಾನೇ ಹಾಕ್ಕೊಳ್ಳೋದಲ್ವಾ? ಜೋಪಾನವಾಗೇ ಇಡ್ತೀನಿ."

ಚೀಲ ಮೇಲಿನ ಗೂಡು ಸೇರಿತು. ಕಾವೇರಿ ಅವಳ ಕೈಹಿಡಿದು ಹಿಂದಿನ ಸಾಲಿನವರೆಗೆ ಎರಡು ಬಾರಿ ನಡೆಸಿ, ತನ್ನ ಸೀಟಿನಲ್ಲೇ ಕೂರಿಸಿದಳು. "ಈಗ ಹಿಮ್ಮಡಿ ಊರಿ, ಬೆರಳು ಎತ್ತಿ. ಬೆರಳು ಊರಿ, ಹಿಮ್ಮಡಿ ಎತ್ತಿ."

"ಅಯ್ಯೋ, ಇದು ಮಿಷನ್ ತುಳಿಯೋದೇ ಅಲ್ವೇನೇ!" ಎಂದು ಯಶೋದಮ್ಮ ನಕ್ಕಳು. ಪಾದ ಸುತ್ತಿಸಿದಳು, ಮಂಡಿಯನ್ನು ಒಂದೊಂದಾಗಿ ಎತ್ತಿಳಿಸಿದಳು, ಸೆಟೆದಿದ್ದ ಹೆಗಲು ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಬೆರಳ ತುದಿಯವರೆಗೂ ಬೆಚ್ಚಗಾಯಿತು. ಒಂದು ಬಾಟಲಿ ನೀರು ತರಿಸಿ ಪೂರ್ತಿ ಕುಡಿದಳು. ಆಮೇಲೆ ಗಂಟೆಗೊಮ್ಮೆ, ಯಾರ ಮುಲಾಜೂ ಇಲ್ಲದೆ, ಎದ್ದು ನಡೆದಳು.

ಇಳಿಯುವ ಮುನ್ನ ಕಾಲುಚೀಲ ಸರಿಸಿ ಎಡಗಾಲಿನ ಹರಡನ್ನು ಒತ್ತಿ ನೋಡಿದಳು. ಬಾವಿರಲಿಲ್ಲ. ಉಸಿರು ಹಗುರಾಯಿತು. ಬಾಗಿಲಲ್ಲಿ ಅವಳಿಗೆಂದೇ ವೀಲ್‌ಚೇರ್ ಹಿಡಿದು ನಿಂತಿದ್ದವರಿಗೆ ಬೇಡವೆಂದು ಕೈಮುಗಿದು, ಉದ್ದನೆಯ ಹಜಾರದಲ್ಲಿ ನಡೆದೇ ಹೊರಟಳು.

ಹೊರಗೆ ಬರುತ್ತಲೇ ಮನೆಯಿಂದ ಗಂಡ ಮುನಿಆಂಜನಪ್ಪನ ಫೋನು. "ಕಾಲು ಹೆಂಗೈತೆ?"

"ಚೆನ್ನಾಗೈತೆ ಕಣ್ರೀ. ಚಳಿ ಮಾತ್ರ ತಡೆಯಕ್ಕಾಗ್ತಿಲ್ಲ!"